ಅಂಗಡಿಕಾರನ ಬದುಕನ್ನು ನೆನೆಯುವ ಬಗೆ

ನಮ್ಮ ಜಿಲ್ಲಾ ಪತ್ರಿಕೆಗಳಲ್ಲಿ ಬರುವ ನಿಧನ ವಾರ್ತೆಗೆ ಒಂದು ಅಚ್ಚು ಇದೆ. ಊರಿನ ಹಿರಿಯ ವ್ಯಾಪಾರಿಯೊಬ್ಬರು ತೀರಿಕೊಂಡರೆ, ಅವರು ಸರಳ ಸಜ್ಜನರು, ಕಷ್ಟಪಟ್ಟು ಮೇಲೆ ಬಂದವರು, ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ ಎಂದು ನಾಲ್ಕು ಸಾಲು ಬರುತ್ತದೆ. ದರ್ಜಿ ತೀರಿಕೊಂಡರೂ ಅದೇ ನಾಲ್ಕು ಸಾಲು, ಕಿರಾಣಿ ಅಂಗಡಿಯವರು ತೀರಿಕೊಂಡರೂ ಅದೇ, ಗಡಿಯಾರ ರಿಪೇರಿ ಮಾಡುತ್ತಿದ್ದವರು ತೀರಿಕೊಂಡರೂ ಅದೇ. ಬರೆದವರಿಗೆ ಗೌರವ ಇದ್ದೇ ಇರುತ್ತದೆ. ಆದರೆ ಅಷ್ಟನ್ನೂ ಓದಿ ಮುಗಿಸಿದ ಮೇಲೆ ಆ ಮನುಷ್ಯ ಅಂಗಡಿಯ ಬಾಗಿಲನ್ನು ಎಷ್ಟು ಹೊತ್ತಿಗೆ ತೆಗೆಯುತ್ತಿದ್ದರು, ಉದ್ರಿ ಯಾರಿಗೆ ಕೊಡುತ್ತಿದ್ದರು, ಯಾರೊಂದಿಗೆ ಮಾತು ಬಿಟ್ಟಿದ್ದರು, ಅಂಗಡಿಯ ದುಡಿಮೆಯಲ್ಲಿ ಮನೆಯವರ ಪಾಲೆಷ್ಟು ಎಂಬುದರಲ್ಲಿ ಒಂದೂ ತಿಳಿಯುವುದಿಲ್ಲ. ಗುಣವಾಚಕಗಳು ಉಳಿದವು, ಮನುಷ್ಯ ಹೋದ. ಸಣ್ಣ ಊರಿನ ಒಬ್ಬ ಕಸುಬುದಾರನನ್ನು, ಸಂಸಾರಸ್ಥನನ್ನು ನೆನೆಯಬೇಕಾದರೆ ಅವನ ಕಸುಬನ್ನೂ ಕೊಡುಕೊಳ್ಳುವಿಕೆಯನ್ನೂ ಮನೆವಾರ್ತೆಯನ್ನೂ, ಅದರ ಜಗಳ-ಕೊರತೆಗಳ ಸಮೇತ, ಇದ್ದದ್ದು ಇದ್ದ ಹಾಗೆ ಬರೆದಿಡಬೇಕು ಎಂಬುದು ಇಂದು ನಾನು ಮಂಡಿಸಹೊರಟಿರುವ ವಾದ. ಅದಕ್ಕೆ ಮುಖ್ಯ ಆಧಾರವಾಗಿ ಇನ್ನೂರೈವತ್ತು ವರ್ಷಕ್ಕೂ ಹಿಂದಿನ ಒಬ್ಬ ಇಂಗ್ಲಿಷ್ ಅಂಗಡಿಕಾರನ ಬದುಕನ್ನು ತೆಗೆದುಕೊಂಡಿದ್ದೇನೆ. ಅವನ ವಿಷಯದಲ್ಲಿ ನಮಗೆ ಸಿಕ್ಕಿರುವಷ್ಟು ವಿವರ ಅವನ ಕಾಲದ ಅವನಂಥವರ ವಿಷಯದಲ್ಲಿ ಸಿಗುವುದು ಬಲು ಅಪರೂಪ.

ಅವನ ಹೆಸರು ಥಾಮಸ್ ಟರ್ನರ್. ಹುಟ್ಟಿದ್ದು 1729ರಲ್ಲಿ. ಇಂಗ್ಲೆಂಡಿನ ದಕ್ಷಿಣ ಭಾಗದ ಸಸೆಕ್ಸ್ ಪ್ರಾಂತದಲ್ಲಿ ಈಸ್ಟ್ ಹೋತ್ಲಿ ಎಂಬ ಸಣ್ಣ ಊರಿದೆ. ಆಗ ಅಲ್ಲಿದ್ದದ್ದು ಕೆಲವೇ ನೂರು ಜನ. ಟರ್ನರ್ ಅಲ್ಲಿ ಅಂಗಡಿ ಇಟ್ಟುಕೊಂಡಿದ್ದ. 1754ರಿಂದ 1765ರವರೆಗೆ ಸುಮಾರು ಹನ್ನೊಂದು ವರ್ಷ ಅವನು ದಿನಚರಿ ಬರೆದ. ಅದರ ನೂರಕ್ಕೂ ಹೆಚ್ಚು ಸಣ್ಣ ಪುಸ್ತಿಕೆಗಳು ಈಗಲೂ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅದರಿಂದ ಆಯ್ದ ದೊಡ್ಡ ಸಂಪುಟವೊಂದನ್ನು ಡೇವಿಡ್ ವೇಸಿ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದರು. ಟರ್ನರ್ ಯುದ್ಧ ಗೆದ್ದವನಲ್ಲ, ಮತ ಸ್ಥಾಪಿಸಿದವನಲ್ಲ, ಹೊಸದೇನನ್ನೂ ಕಂಡುಹಿಡಿದವನಲ್ಲ. ಚಹಾ, ಸಕ್ಕರೆ, ಹೊಗೆಸೊಪ್ಪು, ಬಟ್ಟೆ, ಟೋಪಿ, ಮೊಳೆ, ಔಷಧಿ ಮಾರಿದವನು. ಊರವರಿಂದ ಚಿಂದಿ ಬಟ್ಟೆ ಕೊಂಡು ಕಾಗದ ಮಾಡುವ ಕಾರ್ಖಾನೆಗೆ ಸಾಗಿಸಿದವನು. ಊರಿನಲ್ಲಿ ಸಾವಾದರೆ ಶವಸಂಸ್ಕಾರಕ್ಕೆ ಬೇಕಾದ ಸರಂಜಾಮು, ಬಂದವರಿಗೆ ಹಂಚುವ ಕೈಗವಸು, ಟೋಪಿಗೆ ಸುತ್ತುವ ಪಟ್ಟಿ ಎಲ್ಲವನ್ನೂ ಒದಗಿಸಿದವನು. ಓದು ಬರಹ ಲೆಕ್ಕ ಬಲ್ಲವರು ಊರಲ್ಲಿ ಕಡಿಮೆಯಾದ್ದರಿಂದ ನೆರೆಹೊರೆಯವರ ಉಯಿಲು ಬರೆದುಕೊಟ್ಟ, ತೆರಿಗೆಯ ಲೆಕ್ಕ ನೋಡಿದ, ಸ್ವಲ್ಪ ಕಾಲ ಮಕ್ಕಳಿಗೆ ಪಾಠವನ್ನೂ ಹೇಳಿದ.

ಇವೆಲ್ಲದರ ಜೊತೆಗೆ ಅವನು ಮಾಡಿದ ಇನ್ನೊಂದು ಕೆಲಸದ ಬಗ್ಗೆ ಹೆಚ್ಚು ಹೇಳಬೇಕು. ಆ ಕಾಲದ ಇಂಗ್ಲೆಂಡಿನಲ್ಲಿ ಬಡವರನ್ನು ಸಾಕುವ ಹೊಣೆ ಆಯಾ ಊರಿನ ಚರ್ಚಿನ ಆಡಳಿತಕ್ಕೆ ಸೇರಿತ್ತು. ಅದಕ್ಕೆ ಊರವರಿಂದಲೇ ಕರ ಎತ್ತಬೇಕು, ಹಂಚಬೇಕು. ಟರ್ನರ್ ಈ ಬಡವರ ಮೇಲ್ವಿಚಾರಕನೂ ಆಗಿದ್ದ. ಕೇಳಲು ಪುಣ್ಯದ ಕೆಲಸ. ಆದರೆ ದಿನಚರಿ ತೆರೆದರೆ ಅದರ ಇನ್ನೊಂದು ಮುಖ ಕಾಣುತ್ತದೆ. ಮದುವೆಯಾಗದ ಹೆಣ್ಣು ಬಸುರಾದರೆ ಹುಟ್ಟುವ ಕೂಸಿನ ಖರ್ಚು ಊರಿನ ಮೇಲೆ ಬೀಳುತ್ತದೆಂದು ತಂದೆ ಯಾರೆಂದು ಅವಳ ಬಾಯಿ ಬಿಡಿಸಬೇಕು. ಬಡವನೊಬ್ಬ ನಿಜವಾಗಿ ಯಾವ ಊರಿಗೆ ಸೇರಿದವನೆಂದು ಸಾಬೀತುಮಾಡಿ ಅವನನ್ನು ಆ ಊರಿಗೇ ಸಾಗಹಾಕಬೇಕು. ಅದಕ್ಕಾಗಿ ಕುದುರೆಯ ಮೇಲೆ ಊರೂರು ಅಲೆಯಬೇಕು. ಟರ್ನರ್ ಇದನ್ನೆಲ್ಲ ಮಾಡಿದ, ಮಾಡಿದ್ದನ್ನು ಬರೆದ. ಊರಿಗೆ ಉಪಕಾರಿ ಎಂಬ ಒಂದೇ ಪದದಲ್ಲಿ ಅವನನ್ನು ಮುಗಿಸಿದ್ದರೆ ಆ ಉಪಕಾರ ಯಾರ ಬೆನ್ನ ಮೇಲೆ ನಡೆಯಿತು ಎಂಬುದು ನಮಗೆ ತಿಳಿಯುತ್ತಿರಲಿಲ್ಲ. ಅಂಗಡಿಯ ವಿಷಯವೂ ಹೀಗೇ. ಚಿಲ್ಲರೆ ನಾಣ್ಯ ಸಿಗುವುದೇ ಕಷ್ಟವಾಗಿದ್ದ ಕಾಲ, ವ್ಯಾಪಾರವೆಲ್ಲ ದೀರ್ಘಾವಧಿಯ ಉದ್ರಿಯ ಮೇಲೆ ನಿಂತಿತ್ತು. ಟರ್ನರನಿಗೆ ವ್ಯಾಪಾರ ಕುಸಿಯುತ್ತಿದೆ ಎಂಬ ಭಯ ಬಿಟ್ಟದ್ದೇ ಇಲ್ಲ. ಬಾಕಿ ತೀರಿಸದ ಗಿರಾಕಿಯ ಮೇಲೆ ಕಾನೂನು ಕ್ರಮಕ್ಕೆ ಹೋಗಬೇಕೇ, ಹೋದರೆ ಆ ಸಂಸಾರದ ಗತಿಯೇನು ಎಂದು ಅವನು ತೊಳಲಾಡಿದ್ದಾನೆ. ಉದಾರಿ, ಜಿಪುಣ ಎಂಬ ಎರಡು ಹಣೆಪಟ್ಟಿಗಳಲ್ಲಿ ಯಾವುದನ್ನು ಅಂಟಿಸಿದರೂ ಆ ತೊಳಲಾಟ ಅಳಿಸಿಹೋಗುತ್ತದೆ. ಅಂಗಡಿಕಾರನ ನೈತಿಕ ಬದುಕು ನಡೆಯುವುದು ಅಲ್ಲೇ, ಕೇಳಬೇಕೋ ಬಿಡಬೇಕೋ ಎಂಬ ಆ ನಡುವಿನ ಜಾಗದಲ್ಲಿ.

ಅವನ ದೋಷಗಳೂ ಪುಟಗಳಲ್ಲಿ ಇವೆ. ಕುಡಿಯುತ್ತಿದ್ದ, ಮರುದಿನ ಪಶ್ಚಾತ್ತಾಪ ಪಡುತ್ತಿದ್ದ, ಇನ್ನು ಮುಟ್ಟುವುದಿಲ್ಲವೆಂದು ಸಂಕಲ್ಪ ಬರೆಯುತ್ತಿದ್ದ, ಮತ್ತೆ ಕುಡಿಯುತ್ತಿದ್ದ. 1758ರ ಚಳಿಗಾಲದಲ್ಲಿ ಊರಿನ ಪಾದ್ರಿ, ಅವರ ಹೆಂಡತಿ ಮತ್ತು ಗೆಳೆಯರು ರಾತ್ರಿಗಳೆಲ್ಲ ಮನೆಮನೆ ತಿರುಗಿ ಕುಡಿದು ಕುಣಿದದ್ದನ್ನು ಅವನು ದಾಖಲಿಸಿದ್ದಾನೆ. ಒಂದು ಬೆಳಗಿನ ಜಾವ ಆ ಗುಂಪು ಅವನ ಮಲಗುವ ಕೋಣೆಗೇ ನುಗ್ಗಿ, ಹಾಸಿಗೆಯಿಂದ ಎಳೆದು, ಹೆಂಡತಿಯ ಲಂಗ ಉಡಿಸಿ, ಕೈಲಿದ್ದ ಸೀಸೆ ಖಾಲಿಯಾಗುವವರೆಗೆ ಬರಿಗಾಲಲ್ಲಿ ಕುಣಿಸಿತು. ಇದೇ ಮನುಷ್ಯ ಷೇಕ್ಸ್‌ಪಿಯರ್, ಮಿಲ್ಟನ್ ಓದುತ್ತಿದ್ದ, ಭಾನುವಾರ ಧರ್ಮಪ್ರವಚನಗಳ ಸಂಪುಟ ಹಿಡಿದು ಕೂರುತ್ತಿದ್ದ. ಈ ಎರಡರಲ್ಲಿ ಒಂದನ್ನು ನಿಜ, ಇನ್ನೊಂದನ್ನು ಸೋಗು ಎಂದು ತೀರ್ಮಾನಿಸಲು ದಿನಚರಿ ನಮಗೆ ಅವಕಾಶ ಕೊಡುವುದಿಲ್ಲ. ಬಾಳಿದ ಮನುಷ್ಯರ ಸ್ವಭಾವವೇ ಹಾಗೆ.

ಈಗ ಸಂಸಾರಕ್ಕೆ ಬರೋಣ. ನನ್ನ ವಾದದ ಬಲವೆಲ್ಲ ಇರುವುದು ಇಲ್ಲಿಯೇ. ಟರ್ನರ್ 1753ರಲ್ಲಿ ಮಾರ್ಗರೆಟ್ ಎಂಬವಳನ್ನು ಮದುವೆಯಾದ. ಮನೆಯಲ್ಲಿ ಅವಳನ್ನು ಪೆಗ್ಗಿ ಎನ್ನುತ್ತಿದ್ದರು. ಹುಟ್ಟಿದ ಗಂಡು ಮಗು ವರ್ಷ ತುಂಬುವ ಮೊದಲೇ, 1755ರಲ್ಲಿ, ತೀರಿಕೊಂಡಿತು. ದಿನಚರಿಯ ಮೊದಲ ವರ್ಷಗಳಲ್ಲಿ ಗಂಡ ಹೆಂಡಿರ ಜಗಳ ಮತ್ತೆ ಮತ್ತೆ ಬರುತ್ತದೆ. ಮಾತಿಗೆ ಮಾತು ಬೆಳೆದದ್ದು, ಅತ್ತೆಯ ಮೇಲಿನ ಅಸಮಾಧಾನ, ದಾಂಪತ್ಯದ ಸುಖ ತನ್ನ ಹಣೆಯಲ್ಲಿ ಬರೆದಿಲ್ಲವೆಂಬ ಕೊರಗು ಎಲ್ಲ ಇವೆ. ಅದೇ ಪುಟಗಳಲ್ಲಿ ಇನ್ನೊಂದು ಚಿತ್ರವೂ ಇದೆ. ಆ ಕಾಲದಲ್ಲಿ ಮನೆಮಾತಾಗಿದ್ದ ರಿಚರ್ಡ್‌ಸನ್ನನ ‘ಕ್ಲಾರಿಸ್ಸಾ’ ಕಾದಂಬರಿಯನ್ನು ಪೆಗ್ಗಿ ಗಂಡನಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. ನಾಯಕಿಯ ಶವಸಂಸ್ಕಾರದ ಭಾಗ ಕೇಳಿ ಅವನ ಮನಸ್ಸು ಕರಗುತ್ತದೆ. ಪೆಗ್ಗಿಯ ಆರೋಗ್ಯ ಕೆಡುತ್ತ ಬಂದು, 1761ರ ಜೂನ್‌ನಲ್ಲಿ ಅವಳು ತೀರಿಕೊಂಡಳು. ಆಮೇಲಿನ ಪುಟಗಳಲ್ಲಿ ಟರ್ನರ್ ಬೇರೆಯೇ ಮನುಷ್ಯ. ಮನೆ ಬಿಕೋ ಎನ್ನುತ್ತದೆ, ಮಾತಾಡಲು ಜೊತೆಯಿಲ್ಲ, ಅವಳಂಥ ಸಂಗಾತಿ ಇನ್ನು ಸಿಗಲಾರಳು ಎಂದು ತಿಂಗಳುಗಟ್ಟಲೆ ಹಲುಬುತ್ತಾನೆ. 1760ರಲ್ಲಿ ದಿನಚರಿ ನಿಂತುಹೋಗಿದ್ದರೆ ಇದು ಕೆಟ್ಟ ದಾಂಪತ್ಯ ಎಂದು ನಾವು ಷರಾ ಬರೆದುಬಿಡುತ್ತಿದ್ದೆವು. 1761ರ ಪುಟಗಳು ಮಾತ್ರ ಉಳಿದಿದ್ದರೆ ಆದರ್ಶ ದಾಂಪತ್ಯ ಎಂದು ಹೊಗಳುತ್ತಿದ್ದೆವು. ಎರಡೂ ಉಳಿದಿರುವುದರಿಂದ, ಜಗಳವಾಡಿದ ಹೆಂಡತಿಗಾಗಿಯೇ ಅತ್ತ ಒಬ್ಬ ಗೃಹಸ್ಥ ನಮಗೆ ಸಿಕ್ಕಿದ್ದಾನೆ. ಒಂದು ಎಚ್ಚರವೂ ಬೇಕು: ಆ ಜಗಳಗಳಲ್ಲಿ ನಮಗೆ ಕೇಳುವುದು ಗಂಡನ ಕಡೆಯ ಮಾತು ಮಾತ್ರ. ಪೆಗ್ಗಿ ದಿನಚರಿ ಬರೆದಿದ್ದರೆ ಅದರಲ್ಲಿ ಇನ್ನೇನಿರುತ್ತಿತ್ತೋ. 1765ರ ಜೂನ್‌ನಲ್ಲಿ ಅವನು ಮಾಲಿ ಹಿಕ್ಸ್ ಎಂಬವಳನ್ನು ಮದುವೆಯಾದ, ಮರು ತಿಂಗಳು ದಿನಚರಿ ನಿಲ್ಲಿಸಿದ. ಮತ್ತೆ ಇಪ್ಪತ್ತೆಂಟು ವರ್ಷ ಬದುಕಿದ, ಮಕ್ಕಳಾದವು, 1793ರಲ್ಲಿ ತೀರಿಕೊಂಡ. ಆ ಇಪ್ಪತ್ತೆಂಟು ವರ್ಷಗಳ ಮನೆಯೊಳಗಿನ ಮಾತುಕತೆ ನಮಗೆ ಕೇಳಿಸುವುದಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಟರ್ನರ್ ತಾನೇ ಬರೆದಿಟ್ಟ. ನಮ್ಮೂರಿನ ಕಮ್ಮಾರ, ಬಡಗಿ, ದರ್ಜಿ ದಿನಚರಿ ಬರೆಯಲಿಲ್ಲವಲ್ಲ, ಅವರ ವಿಷಯದಲ್ಲಿ ಈ ಮಾತೆಲ್ಲ ಹೇಗೆ ಅನ್ವಯಿಸೀತು? ನ್ಯಾಯವಾದ ಪ್ರಶ್ನೆ. ಫ್ರಾನ್ಸಿನ ಇತಿಹಾಸಕಾರ ಅಲೆನ್ ಕಾರ್ಬಿನ್ ಇದನ್ನೇ ಕೈಗೆತ್ತಿಕೊಂಡರು. ದಫ್ತರಗಳಿಂದ ಕಣ್ಣುಮುಚ್ಚಿ ಒಂದು ಹಳ್ಳಿಯನ್ನೂ ಅಲ್ಲಿನ ಒಂದು ಹೆಸರನ್ನೂ ಆರಿಸಿಕೊಂಡರು. ಸಿಕ್ಕಿದ ಹೆಸರು ಲೂಯಿ ಫ್ರಾಂಸ್ವಾ ಪಿನಗೋ. 1798ರಲ್ಲಿ ಹುಟ್ಟಿ 1876ರಲ್ಲಿ ತೀರಿಕೊಂಡ ಪಿನಗೋ ನಾರ್ಮಂಡಿಯ ಕಡೆಯ ಬೆಲೆಮ್ ಕಾಡಿನ ಅಂಚಿನಲ್ಲಿ ಮರದ ಪಾದರಕ್ಷೆ ಕಡೆದು ಬದುಕಿದವನು, ಎಂಟು ಮಕ್ಕಳ ತಂದೆ. ಓದು ಬರಹ ಬಾರದು, ಸಹಿ ಬೇಕಾದಲ್ಲಿ ಶಿಲುಬೆಯ ಗುರುತು ಹಾಕಿದ. ಅವನ ಒಂದು ಮಾತೂ ಉಳಿದಿರಲಿಲ್ಲ. ಕಾಡಿನ ಕಾನೂನು, ಕಸುಬಿನ ರೀತಿ, ನೆಂಟಸ್ತಿಕೆಯ ಜಾಲ, ಊರಿನ ದಾರಿಗಳು, ಪ್ರಷ್ಯಾದ ಸೈನ್ಯ ಬಂದ ದಿನಗಳು ಎಲ್ಲವನ್ನೂ ಕಾರ್ಬಿನ್ ಕೂಡಿಸಿ 1998ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅದು ಅಸಾಧಾರಣವಾದ ಕೆಲಸ, ಸಂದೇಹವಿಲ್ಲ. ಆದರೆ ಪಿನಗೋ ಕಂಡಿರಬಹುದಾದ ಜಗತ್ತನ್ನು ಆ ಗ್ರಂಥ ಕಟ್ಟಿಕೊಡುತ್ತದೆಯೇ ಹೊರತು ಪಿನಗೋನನ್ನೇ ತೋರಿಸಲು ಅದಕ್ಕೆ ಸಾಧ್ಯವಾಗಿಲ್ಲ. ಅದನ್ನು ಲೇಖಕರು ಮುಚ್ಚಿಟ್ಟಿಲ್ಲ. ಮುಖ ಹೇಗಿತ್ತು, ಹೆಂಡತಿ ಮಕ್ಕಳ ಜೊತೆ ಹೇಗಿದ್ದ, ಯಾವುದಕ್ಕೆ ನಗುತ್ತಿದ್ದ ಎಂಬುದು ಯಾವ ದಫ್ತರದಲ್ಲೂ ಇಲ್ಲ. ಸರಕಾರದ ಕಾಗದಕ್ಕೆ ಮನುಷ್ಯ ಕಾಣುವುದು ಹುಟ್ಟಿದಾಗ, ಮದುವೆಯಾದಾಗ, ತೆರಿಗೆ ಕಟ್ಟುವಾಗ, ಸತ್ತಾಗ. ಪಿನಗೋ ಸತ್ತ ದಿನ ಅವನ ಎಂಟು ಮಕ್ಕಳಲ್ಲಿ ಬದುಕಿದ್ದ ಯಾರನ್ನಾದರೂ ಕೂರಿಸಿಕೊಂಡು ಒಂದು ಮಧ್ಯಾಹ್ನ ಕೇಳಿದ್ದರೆ ಸಿಗುತ್ತಿದ್ದದ್ದು ನೂರಿಪ್ಪತ್ತು ವರ್ಷದ ಮೇಲೆ ಪಂಡಿತನೊಬ್ಬ ಎಷ್ಟು ದುಡಿದರೂ ಸಿಗಲಿಲ್ಲ. ಹಾಗಾಗಿ ಬರೆದಿಡದ ಕಸುಬುದಾರರ ವಿಷಯದಲ್ಲಿ ನನ್ನ ವಾದ ಇನ್ನಷ್ಟು ಬಿಗಿಯಾಗುತ್ತದೆ: ಅವರನ್ನು ಬಲ್ಲವರು ಇರುವಾಗಲೇ ಕೇಳಿ ಬರೆಯಬೇಕು.

ಕನ್ನಡಿಗರಿಗೆ ಇದು ಪರಕೀಯ ವಿಚಾರವೇನಲ್ಲ. ಹನ್ನೆರಡನೆಯ ಶತಮಾನದ ಶರಣರನ್ನು ನಮ್ಮ ಪರಂಪರೆ ನೆನಪಿಟ್ಟುಕೊಂಡದ್ದೇ ಅವರ ಕಸುಬಿನ ಜೊತೆ. ನುಲಿಯ ಚಂದಯ್ಯ ಹಗ್ಗ ಹೊಸೆದವನು, ಮೇದಾರ ಕೇತಯ್ಯ ಬಿದಿರು ಹೆಣೆದವನು, ಸೂಜಿಕಾಯಕದ ರಾಮಿತಂದೆ, ವೈದ್ಯ ಸಂಗಣ್ಣ. ಫ.ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಹುಡುಕಿ ತೆಗೆದು ಅಚ್ಚು ಮಾಡಿಸದಿದ್ದರೆ ಈ ಹೆಸರುಗಳಲ್ಲಿ ಎಷ್ಟೋ ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ಇವರಲ್ಲಿ ಆಯ್ದಕ್ಕಿ ಮಾರಯ್ಯನ ಕಥೆ ನನ್ನ ವಾದಕ್ಕೆ ನೇರವಾಗಿ ಒದಗುತ್ತದೆ. ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅವನನ್ನು ತಡೆದು, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರಲು ಹೇಳಿದಳು. ಮಾರಯ್ಯನ ಹಿರಿಮೆ ಹೇಳಹೊರಟ ಪರಂಪರೆ ಅವನ ತಪ್ಪನ್ನೂ, ಅದನ್ನು ಹಿಡಿದ ಮನೆಯಾಕೆಯನ್ನೂ ಬಿಡದೆ ಉಳಿಸಿಕೊಂಡಿದೆ. ಆ ತಪ್ಪನ್ನು ಒರೆಸಿ ಹಾಕಿದ್ದರೆ ಲಕ್ಕಮ್ಮನೂ ಇರುತ್ತಿರಲಿಲ್ಲ, ಮಾರಯ್ಯನೂ ಇಷ್ಟು ಕಾಲ ನೆನಪಿನಲ್ಲಿ ಇರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಈಚಿನ ಕಾಲಕ್ಕೆ ಬಂದರೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ನಮ್ಮ ಊರಿನ ರಸಿಕರು’ ಇದೆ. ದೊಡ್ಡ ಹೆಸರಿಲ್ಲದ ಊರವರನ್ನು ಅವರ ಚಪಲ, ಹಟ, ಪ್ರೀತಿಗಳ ಸಮೇತ ಅದು ಹಿಡಿದಿಟ್ಟಿದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನಮ್ಮಲ್ಲಿ ಕಸುಬು ಎಂದರೆ ಬಹುಪಾಲು ಹುಟ್ಟಿನಿಂದ ಬಂದದ್ದು. ಊರಿನ ಕೆಲಸಕ್ಕೆ ಕಾಳಿನ ರೂಪದಲ್ಲಿ ಕೂಲಿ ಪಡೆಯುತ್ತಿದ್ದ ಆಯಗಾರರಿಗೆ ಕಣದಲ್ಲಿ ಅಳೆದು ಕೊಟ್ಟದ್ದು ಎಷ್ಟೋ ಸಲ ಹೊಟ್ಟೆಗೂ ಸಾಲುತ್ತಿರಲಿಲ್ಲ. ಕೊಡುವವನ ಬಾಯಿಯ ಬೈಗುಳ ಅದರ ಜೊತೆಗೆ. ಇಂಥ ಬದುಕನ್ನು ಅಕ್ಕರೆಯಿಂದ ನೆನೆಯುತ್ತ ಕೂತರೆ ಅನ್ಯಾಯಕ್ಕೆ ಗಂಧ ಪೂಸಿದಂತೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರು ಕೇಳುವುದು ಸರಿ. ಗುಣಗಾನದ ನೆನಪು ಆ ಅಪಾಯವನ್ನು ತಂದೇ ತರುತ್ತದೆ. ಅವರು ಬಡತನದಲ್ಲೂ ಸದಾ ನಗುನಗುತ್ತಿದ್ದರು ಎಂಬ ವಾಕ್ಯ ಬಡತನವನ್ನು ಪ್ರಶ್ನೆಯಿಂದ ಪಾರುಮಾಡಿಬಿಡುತ್ತದೆ. ಆದರೆ ವಿವರದ ನೆನಪು ಹಾಗಲ್ಲ. ವರ್ಷಕ್ಕೆ ಎಷ್ಟು ಸೇರು ಕಾಳು ಬಂತು, ಯಾರ ಮನೆಯ ಜಗುಲಿಯವರೆಗೆ ಹೋಗಬಹುದಿತ್ತು, ಯಾವ ಬೀದಿಯಲ್ಲಿ ಅಂಗಡಿ ಹಾಕಲು ಬಿಡಲಿಲ್ಲ, ಮಗನನ್ನು ಕಸುಬಿನಿಂದ ಬಿಡಿಸಿ ಶಾಲೆಗೆ ಕಳಿಸಲು ಯಾವ ಒಡವೆ ಒತ್ತೆ ಇಟ್ಟರು ಎಂದು ಬರೆದಾಗ ಅನ್ಯಾಯಕ್ಕೆ ಅಳತೆ, ದಿನಾಂಕ, ವಿಳಾಸ ಸಿಗುತ್ತವೆ. ತಂದೆಯ ಕಸುಬನ್ನು ಮರೆಯಲು ಬಯಸುವ ಮಕ್ಕಳಿಗೆ ಆ ಹಕ್ಕೂ ಇದೆ. ಬರೆಯಲೇಬೇಕೆಂದು ಯಾರೂ ಅವರನ್ನು ಒತ್ತಾಯಿಸುವಂತಿಲ್ಲ.

ಸಾಮಾನ್ಯರ ಬದುಕು ಒಬ್ಬರದಿದ್ದಂತೆ ಇನ್ನೊಬ್ಬರದು, ಬರೆಯಲು ಏನಿದೆ ಎನ್ನುವವರಿಗೆ ಉತ್ತರವಾಗಿ ಸಣ್ಣ ಊರಿನ ದರ್ಜಿಯ ಅಳತೆ ಪುಸ್ತಕವನ್ನು ತೆರೆದು ನೋಡಬಹುದು. ಉದ್ದನೆಯ ನೋಟುಬುಕ್ಕು, ಪುಟದ ತಲೆಯಲ್ಲಿ ಗಿರಾಕಿಯ ಹೆಸರು, ಕೆಳಗೆ ಉದ್ದ, ಭುಜ, ಎದೆ, ಸೊಂಟ, ತೋಳು, ಕೊರಳು. ಪಕ್ಕದಲ್ಲಿ ಪಿನ್ನು ಚುಚ್ಚಿದ ಬಟ್ಟೆಯ ತುಣುಕು, ಕೊಡಬೇಕಾದ ತಾರೀಖು, ಮುಂಗಡ, ಬಾಕಿ. ಒಂದೇ ಹುಡುಗನ ಹೆಸರಿನ ಎದುರು ಪ್ರತಿ ಜೂನ್‌ನಲ್ಲಿ ಸಮವಸ್ತ್ರದ ಅಳತೆ ಏರುತ್ತ ಹೋಗುತ್ತದೆ. ಬೆಳೆಯುವ ಮಗು, ಎರಡು ವರ್ಷ ಬರಲಿ ಎಂದು ಅಂಚು ಮಡಚಿ ಬಿಟ್ಟ ಗುರುತು ಇರುತ್ತದೆ. ಮದುವೆ ಹಂಗಾಮಿನ ಪುಟಗಳು ತುಂಬಿರುತ್ತವೆ, ಆಷಾಢದವು ಖಾಲಿ. ಸಿದ್ಧ ಉಡುಪಿನ ಅಂಗಡಿ ಊರಿಗೆ ಬಂದ ಮೇಲೆ ಶರ್ಟು ಪ್ಯಾಂಟುಗಳ ಪುಟ ತೆಳ್ಳಗಾಗಿ, ರವಿಕೆ ಮತ್ತು ರಿಪೇರಿಯ ಪುಟಗಳು ಉಳಿದುಕೊಳ್ಳುತ್ತವೆ. ಇಷ್ಟಿದ್ದರೂ ಆ ಪುಸ್ತಕದಲ್ಲಿ ಇಲ್ಲದ ಒಂದು ಕೆಲಸವಿದೆ. ಕಾಜಾ ಹೊಲಿಯುವುದು, ಗುಂಡಿ ಹುಕ್ಕು ಹಚ್ಚುವುದು, ಸೀರೆಗೆ ಫಾಲ್ ಹಾಕುವುದು ಬಹಳ ಮನೆಗಳಲ್ಲಿ ಹೆಂಡತಿಯ ಕೈಯಿಂದ, ರಾತ್ರಿ ಅಡುಗೆ ಮುಗಿದ ಮೇಲೆ ನಡೆಯುತ್ತದೆ. ಅಂಗಡಿಯ ಬೋರ್ಡಿನಲ್ಲಿ ಗಂಡನ ಹೆಸರು. ಹಾಗಾಗಿ ಒಬ್ಬ ಕಸುಬುದಾರರನ್ನು ಕುರಿತು ಕೇಳಿ ಬರೆಯಲು ಹೊರಟವರು ಮೊದಲು ಹೋಗಿ ಕೂರಬೇಕಾದದ್ದು ಅವರ ಮನೆಯಾಕೆಯ ಎದುರು. ಸಂಸಾರ ಬೇರೆ, ಕಸುಬು ಬೇರೆ ಎಂದು ಎರಡು ಅಧ್ಯಾಯ ಮಾಡಿದರೆ ಈ ದುಡಿಮೆ ಎರಡರ ನಡುವೆ ಬಿದ್ದು ಕಳೆದುಹೋಗುತ್ತದೆ.

ಕೊನೆಯದಾಗಿ ಗುಟ್ಟಿನ ಪ್ರಶ್ನೆ. ಉದ್ರಿ ಪುಸ್ತಕ ತೆರೆದಿಟ್ಟರೆ ಊರಿನ ಯಾವ ಮನೆ ಯಾವ ವರ್ಷ ಅಕ್ಕಿಗೂ ಕೈಯೊಡ್ಡಿತ್ತು ಎಂಬುದು ಬೀದಿಗೆ ಬರುತ್ತದೆ. ಅಂಗಡಿಕಾರರು ಜೀವಮಾನವಿಡೀ ಬಾಯಿಬಿಡದೆ ಕಾಪಾಡಿದ ಮಾನವನ್ನು ಅವರ ಸ್ಮರಣೆಯ ಹೆಸರಲ್ಲಿ ನಾವು ಕಳೆಯುವಂತಿಲ್ಲ. ಟರ್ನರನ ಊರವರೆಲ್ಲ ತೀರಿಹೋಗಿ ಎಷ್ಟೋ ಕಾಲವಾದ ಮೇಲೆ ಅವರ ಹೆಸರುಗಳನ್ನು ಅಚ್ಚು ಮಾಡುವುದು ಬೇರೆ. ಪಕ್ಕದ ಮನೆಯವರ ಬಾಕಿಯನ್ನು ಈಗ ಪ್ರಕಟಿಸುವುದು ಬೇರೆ. ಇದಕ್ಕೆ ದಾರಿಯಿಲ್ಲದೆ ಇಲ್ಲ. ಗಿರಾಕಿಗಳ ಹೆಸರನ್ನು ಮುಚ್ಚಿ ದರ, ತೂಕ, ತಾರೀಖು, ಬಾಕಿಯ ಅವಧಿಗಳನ್ನು ಮಾತ್ರ ನಕಲು ಮಾಡಿಕೊಳ್ಳಬಹುದು. ಮೂಲ ಪುಸ್ತಕವನ್ನು ಇಂತಿಷ್ಟು ವರ್ಷ ತೆರೆಯಬಾರದೆಂಬ ಷರತ್ತಿನ ಮೇಲೆ ಮೊಹರು ಮಾಡಿಡಬಹುದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಅಡಿಯಲ್ಲಿ ನಮ್ಮ ರಾಜ್ಯದಲ್ಲಿ ಊರೂರಿಗೂ ಗ್ರಂಥಾಲಯಗಳಾಗಿವೆ. ತಾಲ್ಲೂಕಿನ ಒಂದೊಂದು ಗ್ರಂಥಾಲಯದಲ್ಲಿ ಒಂದು ಬೀರು ಇದಕ್ಕಾಗಿ ಮೀಸಲಾದರೆ ಸಾಕು. ಅಂಗಡಿ ಮುಚ್ಚುವ ದಿನ ಹಳೆಯ ಕಿರ್ದಿ, ಖಾತೆ, ಅಳತೆ ಪುಸ್ತಕಗಳು ರದ್ದಿಯವನ ತಕ್ಕಡಿಗೆ ಹೋಗುವ ಮೊದಲು ಮನೆಯವರು ಅವನ್ನು ತಂದು ಕೊಡಲು ಒಂದು ಜಾಗ ಇರುತ್ತದೆ. ಅಂಗಡಿಯಲ್ಲಿ ದುಡಿದ ಹುಡುಗರಿಂದ, ಮನೆಯಾಕೆಯಿಂದ, ಹಳೆಯ ಗಿರಾಕಿಗಳಿಂದ ಕೇಳಿ ಬರೆದ ಹತ್ತು ಪುಟಗಳನ್ನು ಅದೇ ಕಟ್ಟಿಗೆ ಸೇರಿಸಿ ಇಡಬಹುದು. ಆ ಬರಹವನ್ನು ಊರಿನ ಪ್ರೌಢಶಾಲೆಯ ಮಕ್ಕಳೇ ಮಾಡಬಲ್ಲರು, ಕನ್ನಡ ಮೇಷ್ಟರು ಜೊತೆಗಿದ್ದರೆ.